ಮಲೆನಾಡಿನ ಮನೆ ಕಂಪ್ಯೂಟರಿಗೆ ಯಾವ ಬ್ಯಾಕಪ್ ಒಗ್ಗುತ್ತದೆ?

ಪಹಣಿಯ ಸ್ಕ್ಯಾನು, ಅಡಿಕೆ ಲೆಕ್ಕ, ಮದುವೆ-ಮುಂಜಿಯ ಫೋಟೋ, ವಿಡಿಯೋ ಎಲ್ಲ ಸೇರಿ ಮನೆಯ ಕಂಪ್ಯೂಟರಿನಲ್ಲಿ 200 ಜಿಬಿ ತುಂಬಲು ಹೆಚ್ಚು ದಿನ ಬೇಡ. ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗೆ ನಮ್ಮ ಆಯ್ಕೆ ಇಷ್ಟು: 1 ಟಿಬಿಯ ಎರಡು ಯುಎಸ್‌ಬಿ ಹಾರ್ಡ್‌ಡಿಸ್ಕ್, ವಿಂಡೋಸ್ ಜೊತೆಗೇ ಬರುವ, ಕಡತಗಳ ನಕಲು ತೆಗೆದಿಡುವ ಫೈಲ್ ಹಿಸ್ಟರಿ, ಕೆಲಸ ಮುಗಿದ ಕೂಡಲೇ ವಯರ್ ಕಳಚಿಡುವ ರೂಢಿ. ಮೊದಲನೆಯದು ದುಡ್ಡಿಗೆ ಸಿಗುತ್ತದೆ, ಎರಡನೆಯದು ಕಂಪ್ಯೂಟರಿನಲ್ಲೇ ಇದೆ, ಮೂರನೆಯದನ್ನು ನಾವೇ ಮಾಡಿಕೊಳ್ಳಬೇಕು.

ಏಪ್ರಿಲ್, ಮೇ ತಿಂಗಳ ಸಿಡಿಲು ಇದಕ್ಕೆ ಕಾರಣ. ಅದರ ಹೊಡೆತ ಕರೆಂಟಿನ ತಂತಿಯಲ್ಲಷ್ಟೇ ಅಲ್ಲ, ತಾಮ್ರದ ಫೋನ್ ಲೈನು, ಕೇಬಲ್ಲು, ಲ್ಯಾನ್ ವಯರಿನಲ್ಲೂ ಒಳಗೆ ಬರುತ್ತದೆ. ಕರೆಂಟು ಹೋದಾಗ ಯುಪಿಎಸ್ ಕೈಹಿಡಿಯುತ್ತದೆ, ಹತ್ತಿರದಲ್ಲಿ ಬಿದ್ದ ಸಿಡಿಲಿಗೆ ಅದನ್ನು ನಂಬಬಾರದು. ಸದಾ ಸಿಕ್ಕಿಸಿಟ್ಟ ಬ್ಯಾಕಪ್ ಡಿಸ್ಕು ಕಂಪ್ಯೂಟರಿನ ಜೊತೆಗೇ ಸುಟ್ಟುಹೋಗಬಹುದು. ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸು ಬಂದರೂ ಇದೇ ಕಥೆ: ಸಿಕ್ಕಿಸಿದ ಡಿಸ್ಕನ್ನೂ ಅದು ಬಿಡುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಕಡತ ಇಡುವ ಕ್ಲೌಡ್ ಸಾಲದೇ ಎಂದರೆ, ಪೂರ್ತಿ ಸಾಲದು. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಮೈಕ್ರೋಸಾಫ್ಟಿನ ಒನ್‌ಡ್ರೈವ್ 5 ಜಿಬಿ. ದುಡ್ಡು ಕೊಟ್ಟು ಜಾಗ ಕೊಂಡರೂ 10 ಎಂಬಿಪಿಎಸ್ ಅಪ್‌ಲೋಡಿನಲ್ಲಿ 200 ಜಿಬಿ ಏರಿಸಲು ಒಂದೇ ಸಮನೆ 44 ಗಂಟೆ ಬೇಕು. ಜೊತೆಗೆ ಸಿಂಕ್ (ಎರಡೂ ಕಡೆಯ ಕಡತ ಒಂದೇ ಥರ ಇಡುವುದು) ಎಂಬುದು ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ ಫೈಲು ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದಬುಟ್ಟಿಯಲ್ಲಿ ಅದು ಉಳಿಯುವುದು 30 ದಿನ. ಪಹಣಿ, ಕ್ರಯಪತ್ರ, ಅಂಕಪಟ್ಟಿಯಂಥವನ್ನು ಮಾತ್ರ ಅಲ್ಲೂ ಒಂದು ಪ್ರತಿ ಇಡಿ. ಪೆನ್‌ಡ್ರೈವು ಕಡತ ಸಾಗಿಸಲಿಕ್ಕೆ ಸರಿ, ಕಾಪಿಡಲಿಕ್ಕಲ್ಲ. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕು) ವೇಗದ್ದು, ಬಿದ್ದರೂ ತಡೆಯುತ್ತದೆ. ಆದರೆ ವರ್ಷಗಟ್ಟಲೆ ಕರೆಂಟು ಕಾಣದೆ ಕಪಾಟಿನಲ್ಲಿ ಕೂತರೆ ಅದರೊಳಗಿನ ವಿದ್ಯುದಂಶ ಸೋರಿ ಡೇಟಾ ಹಾಳಾಗಬಹುದು.

ಡಿಸ್ಕು ಕೊಳ್ಳುವಾಗ ಒಂದು ಮಾತು ನೆನಪಿರಲಿ. ಈಗಿನ ಹಲವು ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಸಾಕೆಟ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ. ಸಾಕೆಟ್ ಕಿತ್ತುಬಂದರೆ ಒಳಗಿನ ಡೇಟಾ ತೆಗೆಯುವುದು ಕಷ್ಟ, ದುಬಾರಿ. ಅದಕ್ಕೇ 2.5 ಇಂಚಿನ ಸಾಟಾ ಡಿಸ್ಕು (ಲ್ಯಾಪ್‌ಟಾಪ್ ಒಳಗೆ ಕೂರಿಸುವ ಬಗೆಯದು) ಮತ್ತು ಯುಎಸ್‌ಬಿ ಸಾಕೆಟ್ ಇರುವ ಕೇಸಿಂಗ್ ಬೇರೆ ಬೇರೆ ಕೊಂಡು ಜೋಡಿಸುವುದು ಮೇಲು. ಕೇಸಿಂಗ್ ಕೆಟ್ಟರೆ ಅದನ್ನಷ್ಟೇ ಬದಲಿಸಿದರಾಯಿತು. ಅಗಲ ಮೂತಿಯ ಮೈಕ್ರೋ-ಬಿ ಪಿನ್ನು ಇದ್ದರೆ ಹತ್ತಿರದಿಂದ ನೋಡಿ: ದೊಡ್ಡ ಭಾಗದ ಪಕ್ಕ ಒಂದು ಸಣ್ಣ ಭಾಗ ಇದೆ. ಯುಎಸ್‌ಬಿ 3ರ ವೇಗ ಬರುವುದು ಆ ಸಣ್ಣ ಭಾಗದಿಂದ. ಮಳೆಗಾಲದ ಥಂಡಿಗೆ ಅದರ ಸಂಪರ್ಕ ಮಂಕಾದರೆ ಡಿಸ್ಕು ಸದ್ದಿಲ್ಲದೆ ಯುಎಸ್‌ಬಿ 2ಕ್ಕೆ ಇಳಿಯುತ್ತದೆ, ಅರ್ಧ-ಮುಕ್ಕಾಲು ಗಂಟೆಯ ಕೆಲಸ ಎರಡು ಗಂಟೆ ಹಿಡಿಯುತ್ತದೆ. ಅಂಥ ಹೊತ್ತಿನಲ್ಲಿ ಡಿಸ್ಕನ್ನು ಬೈಯುವ ಮೊದಲು ವಯರ್ ಬದಲಿಸಿ ನೋಡಿ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೈಲ್ ಹಿಸ್ಟರಿ ತೆರೆದು ಟರ್ನ್ ಆನ್ ಒತ್ತಿದರೆ ಶುರುವಾಗುತ್ತದೆ. ಡಿಸ್ಕು ಸಿಕ್ಕಿಸಿದಾಗಲೆಲ್ಲ ರನ್ ನೌ ಒತ್ತಿ, ವಾರಕ್ಕೊಮ್ಮೆ ಸಾಕು. ಹೆಚ್ಚಿನವರು ಎಡವುವುದು ಇಲ್ಲಿ: ಇದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರುಗಳನ್ನಷ್ಟೇ ನಕಲಿಸುತ್ತದೆ. ನಮ್ಮವರ ಮುಖ್ಯ ಕಡತಗಳೆಲ್ಲ ಇರುವುದು ಡಿ ಡ್ರೈವಿನಲ್ಲಿ! ಆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಕ್ಲೂಡ್ ಇನ್ ಲೈಬ್ರರಿ ಆರಿಸಲೇಬೇಕು. ಒನ್‌ಡ್ರೈವಿನಲ್ಲಿ ಆನ್‌ಲೈನ್ ಮಾತ್ರ ಇರುವ ಫೈಲೂ ನಕಲಾಗುವುದಿಲ್ಲ. ಟ್ಯಾಲಿ ಲೆಕ್ಕಕ್ಕೆ ಟ್ಯಾಲಿಯೊಳಗಿನ ಬ್ಯಾಕಪ್ಪನ್ನೇ ಬಳಸಿ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫಾಂಟಿನಲ್ಲಿ ಟೈಪಿಸಿದ ಪತ್ರಗಳಿದ್ದರೆ ಆ ಫಾಂಟ್ ಫೈಲುಗಳನ್ನೂ ಜೊತೆಗಿಡಿ. ಇಲ್ಲವಾದರೆ ಹೊಸ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಎರಡನೇ ಡಿಸ್ಕು ಮನೆಯಲ್ಲಿರಬಾರದು. ಶಿವಮೊಗ್ಗದಲ್ಲೋ ಸಾಗರದಲ್ಲೋ ನೆಂಟರ ಮನೆಯಲ್ಲಿರಲಿ. ಮೂರು ತಿಂಗಳಿಗೊಮ್ಮೆ ತಂದು, ಫೋಲ್ಡರುಗಳನ್ನು ಹೋಲಿಸಿ ನಕಲಿಸುವ ತಂತ್ರಾಂಶ ಫ್ರೀಫೈಲ್‌ಸಿಂಕ್‌ನಲ್ಲಿ ಅಪ್‌ಡೇಟ್ ಆರಿಸಿ ನಕಲಿಸಿ. ಮಿರರ್ ಬೇಡ, ತಪ್ಪಿ ಅಳಿಸಿದ್ದನ್ನು ಅದು ಇಲ್ಲೂ ಅಳಿಸುತ್ತದೆ.

ಜೂನ್‌ನಿಂದ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಜೊತೆಗೆ 50 ಗ್ರಾಂ ಕೇಸರಿ ಬಣ್ಣದ ಸಿಲಿಕಾ ಜೆಲ್. ಹರಳು ಹಸಿರಿಗೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಣ್ಣ ಮರಳುವವರೆಗೆ ಬಿಸಿಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ.

ಡಿಸ್ಕು ಹೊರತಂದಾಗಲೆಲ್ಲ ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ಹತ್ತು ಫೈಲು ತೆರೆದು ನೋಡಿ. ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಲು ತೊಡಕಾದ ಜಾಗಗಳ ಎಣಿಕೆ) ಸಾಲಿನ ರಾ ವ್ಯಾಲ್ಯೂಸ್ ಕಾಲಮ್ಮಿನಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಕಂಡರೆ ಅದೇ ವಾರ ಹೊಸ ಡಿಸ್ಕು ತನ್ನಿ.