ಎನ್‌ಕೆ ಸೆಲ್ ಟೆಸ್ಟ್: ರಕ್ತ ತೆಗೆದದ್ದಕ್ಕೆ ಫುಲ್ ಮಾರ್ಕ್ಸ್, ರಿಪೋರ್ಟ್‌ಗೆ ಅರ್ಧ

ಡಾಕ್ಟರ್ ಬರೆದುಕೊಟ್ಟರು ಅಂತ ಎನ್‌ಕೆ ಸೆಲ್ ಟೆಸ್ಟ್ ಮಾಡಿಸಿದೆ. ಎನ್‌ಕೆ ಅಂದರೆ ನ್ಯಾಚುರಲ್ ಕಿಲ್ಲರ್, ವೈರಸ್ ತಗುಲಿದ ಸೆಲ್‌ಗಳನ್ನೂ ಕ್ಯಾನ್ಸರ್ ಸೆಲ್‌ಗಳನ್ನೂ ಕೊಲ್ಲುವ ಬಿಳಿ ರಕ್ತಕಣ. ಲ್ಯಾಬ್ ಹೆಸರು ಬೇಡ ಬಿಡಿ.

ರಕ್ತ ತೆಗೆದವರಿಗೆ ಕೆಲಸ ಗೊತ್ತಿತ್ತು. ಹಸಿರು ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಟ್ಯೂಬ್ ತುಂಬಿಸಿ, ಕುಲುಕದೆ ನಿಧಾನವಾಗಿ ತಲೆಕೆಳಗು ಮಾಡಿ, ತೆಗೆದ ಸಮಯ ಬರೆದು, ಐಸ್ ಇಲ್ಲದ ಡಬ್ಬಿಯಲ್ಲಿಟ್ಟರು. ಫ್ರಿಜ್‌ನಲ್ಲಿ ಇಡೋದಿಲ್ವಾ ಅಂತ ಕೇಳಿದ್ದಕ್ಕೆ, ಈ ಸೆಲ್‌ಗಳು ಜೀವಂತವಾಗಿ ಲ್ಯಾಬ್ ಸೇರಬೇಕು, ತಣ್ಣಗಾದರೆ ಮಂಕಾಗುತ್ತವೆ ಅಂದರು. ಸ್ಟೆರಾಯ್ಡ್ ತಗೋತಿದ್ದೀರಾ, ಈಗಷ್ಟೇ ಓಡಿ ಬಂದ್ರಾ ಅಂತಲೂ ವಿಚಾರಿಸಿದರು. ಸರಿಯಾದ ಪ್ರಶ್ನೆ. ಜೋರಾಗಿ ವ್ಯಾಯಾಮ ಮಾಡಿದ ತಕ್ಷಣ ಎನ್‌ಕೆ ಸೆಲ್‌ಗಳು ರಕ್ತದಲ್ಲಿ ಜಾಸ್ತಿ ಕಾಣುತ್ತವೆ, ಆಮೇಲೆ ಇಳಿಯುತ್ತವೆ.

ಬೇಜಾರಾಗಿದ್ದು ರಿಪೋರ್ಟ್ ನೋಡಿ. ಮೊದಲ ಪುಟದಲ್ಲೇ ನಗುಮುಖದ ಹಸಿರು ಚಿತ್ರ, ಕೆಳಗೆ 'ನಿಮ್ಮ ಇಮ್ಯೂನಿಟಿ ಉತ್ತಮ'. ಯಾರು ಕೇಳಿದ್ದು ಇದನ್ನ? ಒಳಗೆ ಎಣಿಕೆಯ ಪುಟದಲ್ಲಿ ಬರೀ ಶೇಕಡಾವಾರು ಸಂಖ್ಯೆ. ಲಿಂಫೋಸೈಟ್‌ಗಳಲ್ಲಿ (ಎನ್‌ಕೆ ಸೇರಿರುವ ಬಿಳಿ ರಕ್ತಕಣಗಳ ಗುಂಪು) ಸುಮಾರು ಶೇಕಡಾ 5ರಿಂದ 15ರಷ್ಟು ಎನ್‌ಕೆ ಇರೋದು ಸಾಮಾನ್ಯ, ಆದರೆ ಒಟ್ಟು ಲಿಂಫೋಸೈಟ್‌ಗಳೇ ಕಡಿಮೆಯಾಗಿದ್ದರೆ ಆ ಶೇಕಡಾ ಚೆನ್ನಾಗಿ ಕಂಡರೂ ಸೆಲ್‌ಗಳು ಕಡಿಮೆಯೇ ಅಲ್ವಾ? ಫೋನ್ ಮಾಡಿದ ಮೇಲೆ ಒಂದು ಮೈಕ್ರೋಲೀಟರ್‌ನಲ್ಲಿ ಎಷ್ಟು ಸೆಲ್ ಅಂತ ಲೆಕ್ಕ ಕಳಿಸಿದರು. ತಕರಾರಿಲ್ಲದೆ, ಬೇಗನೆ ಕಳಿಸಿದರು, ಅದನ್ನೂ ಹೇಳಬೇಕು.

ಎಷ್ಟಿವೆ ಅನ್ನೋದು ಒಂದು, ಕೆಲಸ ಮಾಡ್ತವಾ ಅನ್ನೋದು ಇನ್ನೊಂದು. ಎಣಿಕೆ ಮಾಡೋದು ಫ್ಲೋ ಸೈಟೋಮೆಟ್ರಿಯಲ್ಲಿ, ಅಂದರೆ ಸೆಲ್‌ಗಳನ್ನು ಲೇಸರ್ ಮುಂದೆ ಒಂದೊಂದಾಗಿ ಹಾಯಿಸಿ ಗುರುತಿಸುವ ಯಂತ್ರದಲ್ಲಿ: ಮೈಮೇಲೆ ಸಿಡಿ3 ಅನ್ನೋ ಗುರುತಿನ ಪ್ರೋಟೀನ್ ಇಲ್ಲದ, ಸಿಡಿ56 ಅಥವಾ ಸಿಡಿ16 ಇರುವ ಸೆಲ್‌ಗಳನ್ನು ಹುಡುಕುತ್ತಾರೆ. ಕೆಲಸ ನೋಡೋಕೆ ಕೆ562 ಅನ್ನೋ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಸೆಲ್‌ಗಳ ಜೊತೆ ಬಿಟ್ಟು, ಸಾಮಾನ್ಯವಾಗಿ ನಾಲ್ಕು ಗಂಟೆ ಆದಮೇಲೆ ಎಷ್ಟನ್ನು ಕೊಂದವು ಅಂತ ಅಳೆಯುತ್ತಾರೆ. ರಿಪೋರ್ಟ್‌ನಲ್ಲಿ ಇದರ ಪುಟ ಮಾತ್ರ ಅಚ್ಚುಕಟ್ಟಾಗಿತ್ತು, ಹೋಲಿಸಲು ಅದೇ ದಿನ ಆರೋಗ್ಯವಂತರ ರಕ್ತದಲ್ಲಿ ಮಾಡಿದ ಫಲಿತಾಂಶವನ್ನೂ ಪಕ್ಕದಲ್ಲೇ ಕೊಟ್ಟಿದ್ದರು.

ಕೌಂಟರ್‌ನಲ್ಲಿ ಇದನ್ನೇ 'ಇಮ್ಯೂನಿಟಿ ಪ್ಯಾಕೇಜ್' ಅಂತ ಎಲ್ಲರಿಗೂ ತಗಲಿಸುತ್ತಿದ್ದದ್ದು ನನಗೆ ಹಿಡಿಸಲಿಲ್ಲ. ಎಚ್‌ಎಲ್‌ಎಚ್‌ನಂಥ (ರೋಗನಿರೋಧಕ ವ್ಯವಸ್ಥೆ ಹಿಡಿತ ತಪ್ಪಿ ಸ್ವಂತ ದೇಹಕ್ಕೇ ಹಾನಿ ಮಾಡುವ) ಕಾಯಿಲೆಯ ಅನುಮಾನ ಇದ್ದಾಗ, ಪದೇ ಪದೇ ಹರ್ಪಿಸ್ ಜೋರಾಗಿ ಬರುವವರಿಗೆ ಈ ಟೆಸ್ಟ್ ನಿಜಕ್ಕೂ ಬೇಕಾಗುತ್ತದೆ. ಆರಾಮಾಗಿ ಇರೋರಿಗೆ ಸುಮ್ನೆ ದುಡ್ಡು ದಂಡ. ಐವಿಎಫ್‌ಗೆ ಮುಂಚೆ ಮಾಡಿಸಿ ಅಂತ ಹೇಳಿದರೆ ಎರಡು ಸಲ ಯೋಚಿಸಿ. ಗರ್ಭಕೋಶದ ಎನ್‌ಕೆ ಸೆಲ್‌ಗಳೇ ಬೇರೆ ತರಹದವು, ರಕ್ತದ ಸಂಖ್ಯೆ ಅಲ್ಲಿನ ಕಥೆ ಹೇಳೋದಿಲ್ಲ.

ಮಾಡಿಸಲೇಬೇಕು ಅಂತಾದರೆ ವಾರದ ಶುರುವಿನಲ್ಲಿ ಹೋಗಿ. ರಜೆಯ ಹಿಂದಿನ ದಿನ ಕೊಟ್ಟರೆ ಟ್ಯೂಬ್ ಅಲ್ಲೇ ಕೂತಿರುತ್ತದೆ, ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತದೆ.