ಗ್ರಂಥಾಲಯಕ್ಕೆ ಬೇಕಾದ ಜರ್ಮನ್: ತರಗತಿಯೋ, ಉಚಿತ ಪಾಠವೋ, ಖಾಸಗಿ ಮೇಷ್ಟ್ರೋ?

ಜರ್ಮನಿಗೆ ಹೋಗಿ ಅಲ್ಲಿನ ಗ್ರಂಥಾಲಯ ಬಳಸಲು ಜರ್ಮನ್ ಕಲಿಯುವವರಿಗೆ ದಾರಿ ಮೂರು. ಖರ್ಚೇ ಮುಖ್ಯವಾದರೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯ ವಿಡಿಯೊ ಪಾಠ ‘ನಿಕೋಸ್ ವೇಗ್’ ಇದೆ: ಆರಂಭದ ಹಂತವಾದ ಎ1ರಿಂದ ಮಧ್ಯಮ ಹಂತವಾದ ಬಿ1ರವರೆಗೆ ಪೂರ್ತಿ ಉಚಿತ. ಬೆಂಗಳೂರಿನ ಜರ್ಮನ್ ಭಾಷೆ-ಸಂಸ್ಕೃತಿ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನದ ತರಗತಿಗೆ ಶುಲ್ಕವುಂಟು, ಆದರೆ ಅಲ್ಲೇ ಜರ್ಮನ್ ಪುಸ್ತಕಗಳ ಗ್ರಂಥಾಲಯವೂ ಇದೆ. ಖಾಸಗಿ ಮೇಷ್ಟ್ರಿಗೆ ಸಾಮಾನ್ಯವಾಗಿ ಗಂಟೆ ಲೆಕ್ಕ.

ಮಾತಿನ ವಿಷಯದಲ್ಲೇ ನಿಜವಾದ ವ್ಯತ್ಯಾಸ. ಕಾದಂಬರಿಗೆ ‘ದೆರ್ ರೊಮಾನ್’ ಎಂದು ಬಾಯಿಪಾಠ ಮಾಡಿದವರು, ‘ನಾನು ಕಾದಂಬರಿ ಓದುತ್ತೇನೆ’ ಎನ್ನಲು ‘ಇಷ್ ಲೇಜೆ ದೆರ್ ರೊಮಾನ್’ ಎಂದುಬಿಡುತ್ತಾರೆ. ಕಾದಂಬರಿ ಅಲ್ಲಿ ಕರ್ಮ, ಹಾಗಾಗಿ ‘ದೇನ್ ರೊಮಾನ್’ ಆಗಬೇಕು. ‘ದಸ್ ಬೂಖ್’ (ಪುಸ್ತಕ) ಮಾತ್ರ ಕರ್ಮವಾದರೂ ಹಾಗೇ ಉಳಿಯುತ್ತದೆ. ನೀವು ಮಾತಾಡುವಾಗ ಮಾಡುವ ಈ ತಪ್ಪನ್ನು ವಿಡಿಯೊ ಹಿಡಿಯದು, ಮೇಷ್ಟ್ರು ಅಲ್ಲೇ ತಿದ್ದುತ್ತಾರೆ. ತುಂಬಿದ ತರಗತಿಯಲ್ಲಿ ನಿಮ್ಮ ಸರದಿ ಬರುವುದೇ ಕಡಿಮೆ.

ಹೊರಡಲು ಎರಡೇ ತಿಂಗಳಿದ್ದರೆ ನಿಕೋಸ್ ವೇಗ್ ಎ1 ಹಿಡಿಯಿರಿ, ಜೊತೆಗೆ ಮೂರು ಕ್ರಿಯಾಪದ ಕಲಿಯಿರಿ: ‘ಔಸ್‌ಲೈಯೆನ್’ ಎಂದರೆ ಎರವಲು ಪಡೆಯುವುದು, ‘ಫೆರ್‌ಲೆಂಗರ್ನ್’ ಅವಧಿ ವಿಸ್ತರಿಸುವುದು, ‘ತ್ಸುರುಕ್‌ಗೇಬೆನ್’ ಹಿಂತಿರುಗಿಸುವುದು. ಕೌಂಟರಿನಲ್ಲಿ ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಪುಸ್ತಕ ಏಕೆ ಹಿಡಿಸಿತು, ಏಕೆ ಹಿಡಿಸಲಿಲ್ಲ ಎಂದು ಕಾರಣ ಕೊಟ್ಟು ಮಾತಾಡಬೇಕೆಂದರೆ ಬಿ1 ಬೇಕು. ಆಗ ವಾರಕ್ಕೊಂದು ಗಂಟೆಯಾದರೂ ಮೇಷ್ಟ್ರ ಎದುರು ಕೂತು, ಓದಿದ ಎರಡು ಪುಟದ ಬಗ್ಗೆ ಮಾತಾಡಿ. ಪ್ರಮಾಣಪತ್ರವೂ ಬೇಕು, ನಿಯಮಿತವಾಗಿ ಹೋಗಲು ಸಮಯವೂ ಇದೆ ಎನ್ನುವವರಿಗೆ ಭವನದ ತರಗತಿಯೇ ಸರಿ.