ಸಾಕುಹಾವಿಗೆ ಫ್ರೋಜನ್ ಇಲಿ: ಎರಡು ವರ್ಷ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಲೇಬಲ್ಲಿಗೆ. ಪ್ಯಾಕಿನ ಮೇಲೆ ‘ಪಿಂಕಿ’ (ಕೂದಲು ಬಾರದ ಹಸಿ ಮರಿ), ‘ಹಾಪರ್’ (ಕೂದಲು ಬಂದು ಜಿಗಿಯುವ ಮರಿ), ‘ದೊಡ್ಡದು’ ಎಂದಷ್ಟೇ ಇದೆ, ತೂಕ ಇಲ್ಲ. ಒಂದೇ ಪ್ಯಾಕಿನ ‘ದೊಡ್ಡ’ ಇಲಿಗಳಲ್ಲಿ ಒಂದು 20 ಗ್ರಾಂ ಇದ್ದರೆ ಪಕ್ಕದ್ದು 30. ತೂಗಿಯೇ ಕೊಡಬೇಕು. ಇಲಿಯ ದಪ್ಪ ಹಾವಿನ ಮೈ ಎಲ್ಲಿ ಅತಿ ದಪ್ಪವೋ ಅಷ್ಟಿರಲಿ. ಅದರ ಒಂದೂವರೆ ಪಟ್ಟು ದಾಟಬಾರದು.

ಉಳಿದಂತೆ ಮಾಲು ಚೆನ್ನಾಗಿದೆ. ಒಂದೊಂದನ್ನೂ ಬಿಡಿಯಾಗಿ, ಗಾಳಿ ತೆಗೆದು ಸೀಲ್ ಮಾಡಿದ್ದಾರೆ. ಮೈನಸ್ 18 ಡಿಗ್ರಿಯಲ್ಲಿ ಆರು ತಿಂಗಳು ನಿಶ್ಚಿಂತೆ. ಚರ್ಮ ಒಣಗಿ ಬಿಳಿಚಿಕೊಂಡಿದ್ದರೆ ಎಸೆಯಿರಿ.

‘ಹಾವು ತಿಂದು ಕಕ್ಕಿತು’ ಎಂಬ ದೂರು ಬಹಳ ಸಲ ಮಾಲಿನದ್ದಲ್ಲ, ಕರಗಿಸಿದವರದ್ದು. ಹಿಂದಿನ ರಾತ್ರಿಯೇ ಸೀಲ್ ಸಮೇತ ಫ್ರೀಜರಿನಿಂದ ಫ್ರಿಜ್ಜಿಗಿಳಿಸಿ. ಕೊಡುವ ಮುನ್ನ ನೀರು ಒಳಹೋಗದ ಜಿಪ್ ಚೀಲದಲ್ಲಿಟ್ಟು 40 ಡಿಗ್ರಿಯ ಆಸುಪಾಸಿನ ಬಿಸಿನೀರಿನಲ್ಲಿ ಮುಳುಗಿಸಿ. ಸಣ್ಣದಕ್ಕೆ ಹತ್ತು ನಿಮಿಷ, ದೊಡ್ಡದಕ್ಕೆ ಅರ್ಧ ಗಂಟೆ. ನೀರು ಆರಿದರೆ ಬದಲಿಸಿ. ಆಮೇಲೆ ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ: ಮೇಲೆ ಮೆತ್ತಗಿದ್ದು ಒಳಗೆ ಗೋಲಿಯಂಥ ಗಟ್ಟಿ ಸಿಕ್ಕಿದರೆ ಮತ್ತೆ ನೀರಿಗೆ. ಆ ಐಸಿನ ಗಂಟೇ ಮುಂದೆ ಕಕ್ಕಿಸುವುದು. ಕುದಿನೀರು ಹಾಕಿದರೆ ಹೊಟ್ಟೆ ಒಡೆಯುತ್ತದೆ. ಮೈಕ್ರೊವೇವ್ ಅಂತೂ ಬೇಡವೇ ಬೇಡ, ಒಂದು ಕಡೆ ಬೆಂದು ಇನ್ನೊಂದು ಕಡೆ ಐಸೇ ಉಳಿಯುತ್ತದೆ. ಕೆಟ್ಟ ವಾಸನೆ ಬೇರೆ!

ಕಾರ್ನ್ ಸ್ನೇಕ್ ಜಾತಿಯ ಹಾವಿಗೆ ಇಷ್ಟು ಸಾಕು. ಬಾಲ್ ಪೈಥಾನ್ ಎಂಬ ಹೆಬ್ಬಾವು ಮಾತ್ರ ಊಟಕ್ಕೆ ಮುನಿಸುವ ಪ್ರಾಣಿ. ಅದು ತುಟಿಯ ಗುಳಿಗಳಿಂದ ಶಾಖ ಗುರುತಿಸುತ್ತದೆ, ಹಾಗಾಗಿ ಇಲಿಯ ಮೈ ಒರೆಸಿ, ತಲೆಗಷ್ಟೇ ಹೇರ್ ಡ್ರೈಯರ್ ಹಿಡಿದು ಬೆಚ್ಚಗಾಗಿಸಿ, ಉದ್ದನೆಯ ಇಕ್ಕಳದಲ್ಲಿ ಸೊಂಟ ಹಿಡಿದು ಮೆಲ್ಲಗೆ ಆಡಿಸಬೇಕು. ಮೂತಿಗೆ ತಿವಿಯುವುದಲ್ಲ. ಆಗಲೂ ಒಲ್ಲೆ ಎಂದರೆ ಗೂಡಿನ ಬಾಯಲ್ಲಿಟ್ಟು ದೀಪ ಆರಿಸಿ; ಬೆಳಿಗ್ಗೆ ಉಳಿದಿದ್ದರೆ ಬಿಸಾಡಿ, ಮತ್ತೆ ಫ್ರೀಜರಿಗೆ ಹಾಕಬೇಡಿ.

ಜೀವಂತ ಇಲಿ ಹಾವನ್ನೇ ಕಚ್ಚುವ ಭಯ ಇದರಲ್ಲಿಲ್ಲ. ದುಡ್ಡಿಗೆ ತಕ್ಕ ಲಾಭ ಅದೇ. ಆದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಫ್ರೀಜರ್ ಕೊಲ್ಲುವುದಿಲ್ಲ: ಪಾತ್ರೆ, ಇಕ್ಕಳ, ತಕ್ಕಡಿ ಅಡುಗೆಮನೆಯದ್ದಾಗಬಾರದು, ಕೈಯನ್ನು ಸೋಪಿನಲ್ಲೇ ತೊಳೆಯಬೇಕು. ತಿಂದ ಹಾವನ್ನು 48 ಗಂಟೆ ಎತ್ತಬೇಡಿ. ಕಕ್ಕಿದರೆ ಎರಡು ವಾರ ಹೊಟ್ಟೆಗೆ ಬಿಡುವು ಕೊಟ್ಟು, ಆಮೇಲೆ ಒಂದು ಸೈಜ್ ಚಿಕ್ಕದನ್ನು ಕೊಡಿ. ಮತ್ತೆ ಕಕ್ಕಿದರೆ ಪಶುವೈದ್ಯರಿಗೆ ತೋರಿಸಿ.